ಮಳೆಗಾಲದ ಕೇರಿಯಲ್ಲಿ ಆಗಸ್ಟ್ ಹದಿನೈದು

ಶಿವಮೊಗ್ಗ ಜಿಲ್ಲೆಯ ನಮ್ಮ ಹೊಸನಗರದ ಕಡೆ ಆಗಸ್ಟ್ ಅಂದರೆ ಜಡಿಮಳೆಯ ಕಾಲ. ಗದ್ದೆ ನಟ್ಟಿ ಆಗಷ್ಟೇ ಮುಗಿದಿರುತ್ತದೆ. ಅಡಿಕೆ ತೋಟಕ್ಕೆ ಎರಡನೇ ಸಲ ಬೋರ್ಡೋ (ಕೊಳೆರೋಗ ತಡೆಯುವ ಮೈಲುತುತ್ತ-ಸುಣ್ಣದ ದ್ರಾವಣ) ಹೊಡೆಯಲು ಮಳೆ ಹೊಳವಾಗುವುದನ್ನೇ ಕಾಯುತ್ತಿರುತ್ತೇವೆ. ಕೂಲಿ, ಗೊಬ್ಬರ, ಮೈಲುತುತ್ತ, ಮಕ್ಕಳ ಶಾಲೆ ಅಂತ ಇದ್ದ ದುಡ್ಡೆಲ್ಲ ಕೈಬಿಟ್ಟಿರುತ್ತದೆ. ಹಾಗಾಗಿ ಕೇರಿಯವರೆಲ್ಲ ಸೇರಿ ಸ್ವಾತಂತ್ರ್ಯ ದಿನ ಮಾಡೋಣ ಅಂತ ಮಾತು ಬಂದಾಗ ನಾನು ಹಾಕಿದ ಷರತ್ತು ಒಂದೇ: ಬಾವುಟ ಮತ್ತು ಸಿಹಿ, ಇವೆರಡಕ್ಕೆ ಬಿಟ್ಟು ಬೇರೆ ಯಾವುದಕ್ಕೂ ದುಡ್ಡು ಹಾಕುವುದು ಬೇಡ. ಶಾಮಿಯಾನ, ಮೈಕು, ಬಲೂನು ಯಾವುದೂ ಇಲ್ಲ. ಮನೆಗೆ ಐವತ್ತು ರೂಪಾಯಿ ವಂತಿಗೆ. ಕೊಡಲಾಗದವರು ಕೆಲಸಕ್ಕೆ ಬಂದರೆ ಆಯಿತು.

ಬಾವುಟದ ವಿಷಯದಲ್ಲಿ ಮಾತ್ರ ಚೌಕಾಸಿ ಮಾಡಲಿಲ್ಲ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ತಯಾರಾಗುವ ಖಾದಿ ಬಾವುಟವನ್ನೇ ತರಿಸಿದೆ. 2021ರ ಡಿಸೆಂಬರಿನ ತಿದ್ದುಪಡಿಯಾದ ಮೇಲೆ ಪಾಲಿಯೆಸ್ಟರಿಗೂ ಧ್ವಜ ಸಂಹಿತೆಯಲ್ಲಿ ಅವಕಾಶವಿದೆ. ಅದು ಅಗ್ಗ, ಬೇಗ ಒಣಗುತ್ತದೆ, ಎರಡೂ ನಿಜ. ಆದರೂ ನಮ್ಮ ರಾಜ್ಯದಲ್ಲೇ ಆದ ಖಾದಿಯೇ ಏರಬೇಕು ಅನ್ನುವುದು ನನ್ನ ಹಟ. ಜೋಪಾನವಾಗಿ ಇಟ್ಟುಕೊಂಡರೆ ವರ್ಷಗಟ್ಟಲೆ ಬರುತ್ತದೆ.

ಪ್ಲಾಸ್ಟಿಕ್ಕಿನ ಪುಟ್ಟ ಬಾವುಟಗಳನ್ನು ಕೇರಿಗೆ ತರಲೇಬಾರದು ಅಂತ ಹೇಳಿಬಿಟ್ಟಿದ್ದೆ. ಮಾರನೇ ದಿನ ಅವು ಚರಂಡಿಯಲ್ಲಿ ತೇಲುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಅದರ ಬದಲು ಹಳೇ ಕ್ಯಾಲೆಂಡರಿನ ಬೆನ್ನ ಮೇಲೆ ಮಕ್ಕಳೇ ಬರೆದರು. ಅಳತೆ ಮೂರಕ್ಕೆ ಎರಡು: ಹನ್ನೆರಡು ಅಂಗುಲ ಉದ್ದವಾದರೆ ಎಂಟು ಅಂಗುಲ ಅಗಲ. ನಡುವೆ ಬಳೆ ಇಟ್ಟು ಚಕ್ರದ ಗೆರೆ ಎಳೆದು, ಗಡಿಯಾರದಂತೆ ಒಂದರಿಂದ ಹನ್ನೆರಡರವರೆಗೆ ಗುರುತು ಮಾಡಿ, ಎರಡೆರಡು ಗುರುತಿನ ಮಧ್ಯೆ ಇನ್ನೊಂದು ಹಾಕಿದರೆ 24 ಅರಗಳು ತಪ್ಪದೆ ಬರುತ್ತವೆ. ಎರಡನೇ ಕ್ಲಾಸಿನ ಹುಡುಗಿಯೂ ಹೀಗೆ ಬರೆದಳು.

ಕಂಬಕ್ಕೆ ಹಿತ್ತಲಿನ ಬಿದಿರು ಗಳ. ಹಗ್ಗ ನೈಲಾನಿನದೇ ಬೇಕು. ಹತ್ತಿಯ ಹಗ್ಗ ನಮ್ಮ ಮಳೆಗೆ ನೆನೆದು ಉಬ್ಬಿ ಗಡಗಡೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಹಿಂದಿನ ಸಂಜೆಯೇ ಗಡಗಡೆಗೆ ಕೊಬ್ಬರಿ ಎಣ್ಣೆ ಬಿಟ್ಟು ನಾಲ್ಕು ಸಲ ಎಳೆದು ನೋಡಬೇಕು. ಬಾವುಟವನ್ನು ಹೂ ತುಂಬಿ ಗಂಟು ಕಟ್ಟಿ ಮೇಲೆ ಬಿಚ್ಚುವ ಪದ್ಧತಿ ಮಳೆಗೆ ಒಗ್ಗುವುದಿಲ್ಲ, ಒದ್ದೆಯಾದ ಗಂಟು ಬಿಚ್ಚಿಕೊಳ್ಳುವುದೇ ಇಲ್ಲ. ಆಗಸ್ಟ್ 15ಕ್ಕೆ ಹೇಗೂ ಬುಡದಿಂದ ಮೇಲಕ್ಕೆ ಏರಿಸುವುದೇ ಕ್ರಮ. ಕೇಸರಿ ಮೇಲಿದೆಯೇ ಅಂತ ಇಬ್ಬರು ನೋಡಿ, ಬಿಚ್ಚಿದ ಬಾವುಟವನ್ನೇ ಕಟ್ಟಿ ಸರಸರ ಏರಿಸುತ್ತೇವೆ. ಇಳಿಸುವಾಗ ನಿಧಾನವಾಗಿ.

ಏರಿಸುವವರು ಯಾರು? ಈ ಸಲ ನಮ್ಮ ಗದ್ದೆಗಳಿಗೆಲ್ಲ ನಟ್ಟಿಗೆ ಬರುವ ಅಕ್ಕನನ್ನು ಕರೆದೆ.

“ಅಯ್ಯೋ, ನಂಗೆ ಅದೆಲ್ಲ ಬರ್ತದಾ ಅಮ್ಮಾ?”

“ಬಾವಿ ಹಗ್ಗ ಎಳ್ದ ಹಂಗೇ ಕಣೇ ಅಕ್ಕ, ಬಾ.”

ಆಕೆ ಮಳೆಗೆ ಹೊದ್ದಿದ್ದ ಕೊಪ್ಪೆ ತೆಗೆದಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಎಳೆದ ರೀತಿಗೆ ಬಾವುಟ ಒಂದೇ ಉಸಿರಿಗೆ ತುದಿ ಮುಟ್ಟಿತು. ಸೋನೆಯಲ್ಲೇ ನಿಂತು ಎಲ್ಲರೂ ಜನಗಣಮನ ಹಾಡಿದೆವು.

ಅಲಂಕಾರಕ್ಕೆ ನಯಾಪೈಸೆ ಇಲ್ಲ. ಆ ಹೊತ್ತಿಗೆ ಡೇರೆ ಹೂ ಅರಳಿರುತ್ತದೆ. ಕಿತ್ತಳೆ ಬಣ್ಣದ ಡೇರೆ, ನಂದಿಬಟ್ಟಲು, ತುಳಸಿ ಕುಡಿ ಸಾಲಾಗಿಟ್ಟು ನಡುವೆ ಶಂಖಪುಷ್ಪ. ರಂಗೋಲಿಯನ್ನು ಅಂಗಳದಲ್ಲಿ ಹಾಕಿದರೆ ತೊಳೆದು ಹೋಗುತ್ತದೆ, ಜಗಲಿಯೇ ಸರಿ.

ಸಿಹಿಗೆ ಪಂಚಕಜ್ಜಾಯ. ಒಲೆಯ ಹತ್ತಿರ ಹೆಚ್ಚು ಹೊತ್ತು ನಿಲ್ಲಬೇಕಿಲ್ಲ, ಹಿಂದಿನ ರಾತ್ರಿಯೇ ಮಾಡಿಡಬಹುದು. ಒಂದು ಕೇಜಿ ಕಡಲೆಬೇಳೆಯನ್ನು ಸಣ್ಣ ಉರಿಯಲ್ಲಿ ಘಮ್ಮೆನ್ನುವಷ್ಟು ಹುರಿದು ತರಿತರಿಯಾಗಿ ಪುಡಿ ಮಾಡುವುದು. ಮುಕ್ಕಾಲು ಕೇಜಿ ಬೆಲ್ಲದ ಪುಡಿ, ತುರಿದ ಒಣಕೊಬ್ಬರಿ, ಹುರಿದ ಎಳ್ಳು, ಏಲಕ್ಕಿ, ಎರಡು ಚಮಚ ತುಪ್ಪ. ಹಸಿ ಕಾಯಿತುರಿ ಹಾಕಿದರೆ ಹಳಸುತ್ತದೆ. ಆರಿದ ಮೇಲೆ ಡಬ್ಬಿಗೆ ಹಾಕಿ ಮುಚ್ಚಳ ಬಿಗಿಯಬೇಕು, ಇಲ್ಲದಿದ್ದರೆ ಥಂಡಿಗೆ ಮೆತ್ತಗಾಗುತ್ತದೆ. ಹಂಚಿದ್ದು ಬಾಳೆಲೆ ತುಂಡಿನಲ್ಲಿ, ಜೊತೆಗೆ ಶುಂಠಿ ಕಷಾಯ.

ಭಾಷಣ ಇರಲಿಲ್ಲ. ನಮ್ಮದೇ ಜಿಲ್ಲೆಯ ಈಸೂರಿನ ಕಥೆ ಹೇಳಿದೆವು. 1942ರಲ್ಲಿ ಆ ಊರಿನವರು ವೀರಭದ್ರೇಶ್ವರ ದೇವಸ್ಥಾನದ ಮೇಲೆ ಬಾವುಟ ಹಾರಿಸಿ, ತಾವು ಸ್ವತಂತ್ರರು ಅಂತ ಸಾರಿ, ಹುಡುಗರನ್ನೇ ಅಮಲ್ದಾರ (ಅಂದರೆ ಈಗಿನ ತಹಶೀಲ್ದಾರ), ಇನ್ಸ್‌ಪೆಕ್ಟರ್ ಮಾಡಿಕೊಂಡಿದ್ದು ಕೇಳಿ ಮಕ್ಕಳ ಕಣ್ಣು ಅರಳಿತು. ಆಮೇಲೆ 1943ರ ಮಾರ್ಚಿನಲ್ಲಿ ಗಲ್ಲಿಗೇರಿದ ಐವರ ಹೆಸರನ್ನು ಒಬ್ಬೊಬ್ಬ ಮಗು ಒಂದೊಂದಾಗಿ ಓದಿತು: ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ. “ಏಸೂರು ಕೊಟ್ಟರೂ ಈಸೂರು ಕೊಡೆವು” ಅಂತ ಎಲ್ಲರೂ ಕೂಗಿದ್ದು ಆಚೆ ಕೇರಿಗೂ ಕೇಳಿಸಿತಂತೆ. ನನ್ನ ಮಟ್ಟಿಗೆ ಇಡೀ ದಿನದ ತಿರುಳು ಇದೇ. ಇದನ್ನು ಬಿಟ್ಟು ಬರೀ ಸಿಹಿ ಹಂಚಿದ್ದರೆ ಆ ದಿನಕ್ಕೂ ಬೇರೆ ರಜೆಗೂ ವ್ಯತ್ಯಾಸ ಇರುತ್ತಿರಲಿಲ್ಲ.

ಬಾವುಟ ಇಳಿಸಿದ ಮೇಲೆ ಒದ್ದೆಯಲ್ಲೇ ಮಡಿಸಿಟ್ಟರೆ ಬೂಷ್ಟು ಹಿಡಿಯುತ್ತದೆ. ಒಳಗೆ ಫ್ಯಾನಿನ ಕೆಳಗೆ ಹರಡಿ ಪೂರ್ತಿ ಒಣಗಿಸಿದೆ. ಹೊಗೆ ಬಣ್ಣ ಕೆಡಿಸುತ್ತದೆ, ಹಾಗಾಗಿ ಒಲೆಯ ಮೇಲಿನ ಅಟ್ಟಕ್ಕೆ ಹಾಕಲಿಲ್ಲ. ಕೇಸರಿ, ಹಸಿರು ಎರಡನ್ನೂ ಬಿಳಿಯ ಅಡಿಗೆ ಮಡಚಿ, ಚಕ್ರ ಮೇಲೆ ಕಾಣುವಂತೆ ಮಡಿಸಿ ಪೆಟ್ಟಿಗೆಗೆ ಸೇರಿಸಿದ್ದೇನೆ.

ಮಕ್ಕಳಿಗೆ ಈಗ ಈಸೂರು ನೋಡಲೇಬೇಕಂತೆ. ಮಳೆ ಕಡಿಮೆಯಾದ ಮೇಲೆ ಶಿಕಾರಿಪುರದ ದಾರಿ ಹಿಡಿಯುತ್ತೇವೆ. ಸರ್ಕಾರಿ ಬಸ್ಸು ಸಿಕ್ಕರೆ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ, ಖಾಸಗಿ ಬಸ್ಸಾದರೆ ವಂತಿಗೆಯಲ್ಲಿ ಉಳಿದದ್ದನ್ನು ಅದಕ್ಕೇ ಎತ್ತಿಟ್ಟಿದ್ದೇವೆ.