ಸ್ಟ್ರೆಸ್ ಥ್ಯಾಲಿಯಂ ಬರೆದುಕೊಟ್ಟಿದ್ದಾರಾ? ಮೊದಲು ಕಾಫಿ ಡಬ್ಬ ಎತ್ತಿಡಿ

ಚೀಟಿಯಲ್ಲಿ ಡಾಕ್ಟರು 'ಸ್ಟ್ರೆಸ್ ಥ್ಯಾಲಿಯಂ' ಅಂತ ಬರೆದಿರುತ್ತಾರೆ. ಹೃದಯಕ್ಕೆ ಕೆಲಸ ಹೆಚ್ಚಿಸಿದಾಗ (ಅದೇ ಸ್ಟ್ರೆಸ್) ಮತ್ತು ಸುಮ್ಮನಿದ್ದಾಗ ಅದರ ಸ್ನಾಯುವಿಗೆ ರಕ್ತ ಎಷ್ಟು ಹೋಗುತ್ತದೆ ಅಂತ ನೋಡುವ ಪರೀಕ್ಷೆ ಇದು. ಈಗ ಹೆಚ್ಚಿನ ಕಡೆ ಚುಚ್ಚುವುದು ಥ್ಯಾಲಿಯಂ ಅಲ್ಲ, ಟೆಕ್ನೀಷಿಯಂ-99ಎಂ ಎಂಬ ವಿಕಿರಣ ಸೂಸುವ ವಸ್ತು ಸೇರಿಸಿದ ಸೆಸ್ಟಮಿಬಿ ಎಂಬ ಔಷಧಿ. ಹಳೇ ಹೆಸರು ಬಾಯಿಗೆ ಕೂತುಬಿಟ್ಟಿದೆ ಅಷ್ಟೆ. ಹೃದಯದ ಸ್ನಾಯುವಿನಲ್ಲಿ ರಕ್ತ ಚೆನ್ನಾಗಿ ಹರಿಯುವ ಕಡೆ ಇದು ಜಾಸ್ತಿ ಸೇರಿಕೊಳ್ಳುತ್ತದೆ, ಹರಿವು ಕಮ್ಮಿ ಇದ್ದಲ್ಲಿ ಕಮ್ಮಿ. ಆ ವಿಕಿರಣವನ್ನು ಹಿಡಿಯುವ ಗಾಮಾ ಕ್ಯಾಮೆರಾ ಅದನ್ನೇ ಚಿತ್ರ ಮಾಡುತ್ತದೆ. ಆ ಕ್ಯಾಮೆರಾ ಪಕ್ಕದಲ್ಲೇ ನನ್ನ ಕೆಲಸ. ನಾನು ನೋಡಿದ ಮಟ್ಟಿಗೆ ಪರೀಕ್ಷೆ ಜಾಸ್ತಿ ಕೆಡುವುದು ಕಾಫಿ ಲೋಟದಿಂದ.

ಹಂತ 1: ಹಿಂದಿನ ದಿನ

ಪೂರ್ತಿ 24 ಗಂಟೆ ಕಾಫಿ ಬೇಡ. 12 ಗಂಟೆ ಸಾಕು ಅನ್ನುವವರಿದ್ದಾರೆ, ನಾನು ಒಪ್ಪಲ್ಲ. ಟೀ, ಕೋಲಾ, ಚಾಕೊಲೇಟ್ ಕೂಡ ಬೇಡ. 'ಡಿಕ್ಯಾಫ್' ಅಂತ ಮಾರುವ ಪುಡಿಯನ್ನೂ ನಂಬಬೇಡಿ, ಅದರಲ್ಲೂ ಸ್ವಲ್ಪ ಕೆಫೀನ್ ಇರುತ್ತದೆ. ಇನ್ನೊಂದು ಗುಂಡಿ ಇದೆ: ಕಾಫಿ ಬಿಟ್ಟರೆ ಸಂಜೆ ಹೊತ್ತಿಗೆ ತಲೆ ಸಿಡಿಯುತ್ತದೆ, ಆಗ ಜನ ಅಂಗಡಿಯಿಂದ ತಲೆನೋವಿನ ಮಾತ್ರೆ ತಂದು ನುಂಗುತ್ತಾರೆ, ಅಂಥ ಕೆಲವು ಮಾತ್ರೆಯೊಳಗೇ ಕೆಫೀನ್ ಇರುತ್ತದೆ! ಹಾಳೆಯ ಹಿಂದೆ ಏನು ಬರೆದಿದೆ ಓದಿ.

ಯಾಕಿಷ್ಟು ಕಟ್ಟುನಿಟ್ಟು? ಸ್ಟ್ರೆಸ್‌ಗೆ ಟ್ರೆಡ್‌ಮಿಲ್ ಮೇಲೆ ನಡೆಸುತ್ತಾರೆ, ಮಂಡಿನೋವಿನಿಂದ ಅದಾಗದವರಿಗೆ ಅಡೆನೊಸಿನ್ ಎಂಬ ಔಷಧಿಯನ್ನು ಡ್ರಿಪ್‌ನಲ್ಲಿ ಬಿಡುತ್ತಾರೆ. ಅದು ಹೃದಯದ ರಕ್ತನಾಳಗಳನ್ನು ಅಗಲ ಮಾಡಬೇಕು. ಆರೋಗ್ಯವಾಗಿರುವ ನಾಳ ಅರಳುತ್ತದೆ, ಕಟ್ಟಿಕೊಂಡ ನಾಳ ಅಷ್ಟು ಅರಳಲ್ಲ, ಚಿತ್ರದಲ್ಲಿ ಕಾಣಬೇಕಾದ ವ್ಯತ್ಯಾಸ ಇದೇ. ಆದರೆ ಬಸ್ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಾರಲ್ಲ, ಹಾಗೆ ಅಡೆನೊಸಿನ್ ಕೂರಬೇಕಾದ ಜಾಗವನ್ನು ಕೆಫೀನ್ ಮೊದಲೇ ಹಿಡಿದಿರುತ್ತದೆ. ನಾಳ ಸರಿಯಾಗಿ ಅರಳುವುದಿಲ್ಲ. ರಿಪೋರ್ಟ್ ನಾರ್ಮಲ್ ಅಂತ ಬಂದುಬಿಡಬಹುದು.

ಒಮ್ಮೆ ಒಬ್ಬ ಹಿರಿಯರು ಕಾಫಿ ಕುಡಿದಿಲ್ಲ ಅಂದರು. ಪಕ್ಕದಲ್ಲಿದ್ದ ಅವರ ಮನೆಯವರು, "ಬರ್ತಾ ದಾರೀಲಿ ಬೈಟೂ ಕುಡಿದ್ರಲ್ಲಾ?" ಅಂದರು. "ಬೈಟೂ ಅಂದ್ರೆ ಅರ್ಧ ತಾನೇ!" ಅಂತ ಇವರ ವಾದ. ವಾಪಸ್ ಕಳಿಸಿದೆವು. ಟೆಕ್ನೀಷಿಯಂ 6 ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ, ಅವರಿಗೆ ತಯಾರಿಟ್ಟ ಡೋಸನ್ನು ನಾಳೆಗೆ ಎತ್ತಿಡಲು ಬರುವುದಿಲ್ಲ.

ಬೀಟಾ ಬ್ಲಾಕರ್ (ಹೃದಯ ಬಡಿತ ಇಳಿಸುವ ಮಾತ್ರೆ), ಇನ್ಸುಲಿನ್, ಡೆರಿಫಿಲಿನ್ (ಉಬ್ಬಸದ ಔಷಧಿ) ತಗೊಳ್ಳುತ್ತಿದ್ದರೆ ಡಾಕ್ಟರನ್ನು ಕೇಳಿ, ನೀವೇ ನಿಲ್ಲಿಸಬೇಡಿ. ಆಸ್ತಮಾ ಇದ್ದರೆ, ಗರ್ಭಿಣಿಯಾಗಿದ್ದರೆ ಮೊದಲೇ ಹೇಳಿ.

ಹಂತ 2: ಸ್ಟ್ರೆಸ್

ನಡೆಯಲು ಆಗುವವರಿಗೆ ನನ್ನ ಓಟು ಟ್ರೆಡ್‌ಮಿಲ್‌ಗೇ. ಶೂ ಹಾಕಿಕೊಂಡು ಬನ್ನಿ. 220ರಲ್ಲಿ ವಯಸ್ಸು ಕಳೆದು, ಅದರ ಶೇ 85ರಷ್ಟು ಬಡಿತ ಮುಟ್ಟಬೇಕು. 60 ವರ್ಷದವರಿಗೆ 136. ಕಂಬಿಗೆ ಜೋತುಬಿದ್ದು ನಡೆಯುವುದು ಕಳ್ಳಾಟ. ಬಡಿತ ತುದಿ ಮುಟ್ಟಿದಾಗ ಸೂಜಿಯಲ್ಲಿ ಸೆಸ್ಟಮಿಬಿ ಹೋಗುತ್ತದೆ, ಮುಗೀತು ಅಂತ ಅಲ್ಲೇ ನಿಲ್ಲಬೇಡಿ. ಅದು ಸ್ನಾಯುವಿಗೆ ಸೇರುವವರೆಗೆ ಇನ್ನೂ ಒಂದು ನಿಮಿಷವಾದರೂ ಅದೇ ವೇಗ ಬೇಕು. ಎದೆನೋವು, ತಲೆಸುತ್ತು ಬಂದರೆ ಮಾತ್ರ ತಕ್ಷಣ ಹೇಳಿ. ಅಡೆನೊಸಿನ್ ಆದರೆ ಮುಖ ಬಿಸಿಯಾಗಿ ಎದೆ ಹಿಡಿದಂತಾಗುತ್ತದೆ, ಡ್ರಿಪ್ ನಿಲ್ಲಿಸಿದರೆ ಬೇಗ ಇಳಿಯುತ್ತದೆ.

ಹಂತ 3: ಚಿತ್ರ

ಕೈ ತಲೆಯ ಮೇಲೆ, ಕಾಲು ಗಂಟೆ ಅಲ್ಲಾಡಬೇಡಿ.

ಹಂತ 4: ರೆಸ್ಟ್

ಸುಮ್ನೆ ಕೂತಾಗ ಇನ್ನೊಂದು ಡೋಸ್, ಇನ್ನೊಂದು ಚಿತ್ರ. ಸ್ಟ್ರೆಸ್‌ನಲ್ಲಿ ಖಾಲಿ ಕಂಡ ಜಾಗ ಇಲ್ಲಿ ತುಂಬಿದ್ದರೆ ಸ್ನಾಯು ಬದುಕಿದೆ, ರಕ್ತ ಸಾಲುತ್ತಿಲ್ಲ. ಎರಡರಲ್ಲೂ ಖಾಲಿ ಅಂದರೆ ಸಾಮಾನ್ಯವಾಗಿ ಹಳೇ ಗಾಯ.

ಈ ಚಿತ್ರ ಒಂದು ಭಾಗವನ್ನು ಇನ್ನೊಂದಕ್ಕೆ ಹೋಲಿಸುತ್ತದೆ ಅಷ್ಟೆ. ಹೃದಯಕ್ಕೆ ರಕ್ತ ಕೊಡುವ ಮೂರೂ ಮುಖ್ಯ ನಾಳ ಸಮನಾಗಿ ಕಟ್ಟಿದ್ದರೆ ಎಲ್ಲ ಕಡೆ ಒಂದೇ ಥರ ಕಂಡು ಮೋಸವಾಗಬಹುದು. ಒಂದು ಗ್ರಾಂ ಸ್ನಾಯುವಿಗೆ ನಿಮಿಷಕ್ಕೆ ಎಷ್ಟು ಮಿಲಿಲೀಟರ್ ರಕ್ತ ಅಂತ ಲೆಕ್ಕ ಹಾಕಲು ಪೆಟ್ ಸ್ಕ್ಯಾನ್ (ವಿಕಿರಣ ವಸ್ತು ಬಳಸುವ ಇನ್ನೊಂದು ಬಗೆಯ ಸ್ಕ್ಯಾನ್) ಬೇಕು. ಅದಕ್ಕೆ ಬಳಸುವ ನೈಟ್ರೋಜನ್-13 ಅಮೋನಿಯಾ 10 ನಿಮಿಷಕ್ಕೇ ಅರ್ಧವಾಗುತ್ತದೆ, ಅದನ್ನು ತಯಾರಿಸುವ ಸೈಕ್ಲೋಟ್ರಾನ್ ಯಂತ್ರ ಪಕ್ಕದಲ್ಲೇ ಇರಬೇಕು, ಹಾಗಾಗಿ ಎಲ್ಲ ಕಡೆ ಸಿಗಲ್ಲ. ರಿಪೋರ್ಟ್ ನಾರ್ಮಲ್ ಬಂದರೂ ನಡೆದಾಗ ಎದೆ ಹಿಡಿಯುತ್ತಲೇ ಇದ್ದರೆ ಆ ಕಾಗದ ಹಿಡಿದು ಮತ್ತೆ ಡಾಕ್ಟರ ಹತ್ತಿರ ಹೋಗಿ, ದಾರಿಯಲ್ಲಿ ಬೈಟೂ ಕುಡಿದಿದ್ದರೆ ಅದನ್ನೂ ಹೇಳಿ.