ಮಂದದೃಷ್ಟಿಯವರಿಗೆ ಸೌಲಭ್ಯ: ಅರ್ಜಿಗಿಂತ ಮೊದಲು ಫೀಲ್ಡ್ ಟೆಸ್ಟ್

ಪೊರೆ ತೆಗೆಸಿ, ಕನ್ನಡಕ ಬದಲಿಸಿದ ಮೇಲೂ ಬಸ್ಸಿನ ಬೋರ್ಡು ಓದಲಾಗದವರು ಮಂಡ್ಯ, ಮೈಸೂರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಪೂರ್ತಿ ಕಣ್ಣು ಹೋಗಿಲ್ಲವಲ್ಲ, ನಮಗೇನು ಸಿಗುತ್ತದೆ ಎಂದು ಕೆಲವರು ಸುಮ್ಮನಾಗುತ್ತಾರೆ. ಉಳಿದವರು ನೇರವಾಗಿ ಸೈಬರ್ ಸೆಂಟರಿಗೆ ಓಡಿ ಅಂಗವಿಕಲರ ಕಾರ್ಡಿಗೆ ಅರ್ಜಿ ಹಾಕಿಸಿ, ‘ಅಂಗವೈಕಲ್ಯ ಶೇಕಡಾ 40 ಇಲ್ಲ’ ಎನ್ನಿಸಿಕೊಂಡು ಬರುತ್ತಾರೆ. ಅರ್ಜಿ ಆಮೇಲಿನ ಮಾತು.

ಮೊದಲು ಸರ್ಕಾರಿ ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೆ ಹೋಗಿ: ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ, ಮಂಡ್ಯದಲ್ಲಿ ಮಿಮ್ಸ್ (ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ). ಹಳೆಯ ಚೀಟಿಗಳು, ಈಗ ಹಾಕುವ ಕನ್ನಡಕ ಜೊತೆಯಲ್ಲಿರಲಿ.

ಜನ ಎಡವುವುದು ಶೇಕಡಾವಾರು ಲೆಕ್ಕದಲ್ಲಿ. ವೈದ್ಯರು ನೋಡುವುದು ಸರಿಯಾದ ಕನ್ನಡಕ ಹಾಕಿದ ಮೇಲೆ ಉಳಿಯುವ ದೃಷ್ಟಿಯನ್ನು, ಅದರಲ್ಲೂ ಚೆನ್ನಾಗಿರುವ ಕಣ್ಣನ್ನು. ಒಂದು ಕಣ್ಣು ಪೂರ್ತಿ ಹೋಗಿದ್ದರೂ ಇನ್ನೊಂದು 6/18ರವರೆಗೆ (ಒಳ್ಳೆಯ ಕಣ್ಣು 18 ಮೀಟರಿನಿಂದ ಓದುವುದನ್ನು 6 ಮೀಟರಿನಿಂದ) ಓದಿದರೆ ಸಿಗುವುದು ಶೇಕಡಾ 30. ಎರಡೂ ಕಣ್ಣು 6/24ರಿಂದ 6/60ರ ನಡುವೆ ಇದ್ದರೆ ಶೇಕಡಾ 40, ಅಂದರೆ ಬಹುಪಾಲು ಸೌಲಭ್ಯಗಳ ಹೊಸ್ತಿಲು. ಪೊರೆ ಇದ್ದರೆ ಅದನ್ನು ತೆಗೆಸಿಯೇ ಹೋಗಿ. ವಾಸಿಯಾಗುವ ತೊಂದರೆಗೆ ಪ್ರಮಾಣಪತ್ರ ಕೇಳಿದರೆ ವಾಪಸ್ ಕಳುಹಿಸುತ್ತಾರೆ.

ಇನ್ನೊಂದು ಬಗೆಯವರಿದ್ದಾರೆ. ಗೋಡೆಯ ಚಾರ್ಟನ್ನು ಸರಾಗವಾಗಿ ಓದುತ್ತಾರೆ, ಹೊರಗೆ ಬಂದೊಡನೆ ಬಾಗಿಲ ಚೌಕಟ್ಟಿಗೆ ಹೆಗಲು ಬಡಿದುಕೊಳ್ಳುತ್ತಾರೆ. ಗ್ಲಾಕೋಮಾ, ರೆಟಿನೈಟಿಸ್ ಪಿಗ್ಮೆಂಟೋಸಾ (ವಂಶದಿಂದ ಬರುವ, ಅಕ್ಷಿಪಟಲ ಕೆಡುವ ಕಾಯಿಲೆ) ಇರುವವರಿಗೆ ನೇರ ನೋಟ ಉಳಿದು ಸುತ್ತಲಿನದು ಹೋಗುತ್ತದೆ. ಚೆನ್ನಾಗಿರುವ ಕಣ್ಣಿನ ದೃಷ್ಟಿಕ್ಷೇತ್ರ, ಅಂದರೆ ನೇರ ನೋಡುವಾಗ ಸುತ್ತ ಕಾಣುವಷ್ಟು ಜಾಗ, 40 ಡಿಗ್ರಿಗಿಂತ ಕಿರಿದಾದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಅದೂ ಮಂದದೃಷ್ಟಿಯೇ. ಇದು ಚಾರ್ಟಿನಲ್ಲಿ ತಿಳಿಯುವುದಿಲ್ಲ. ಅದನ್ನು ಅಳೆಯುವುದು ಫೀಲ್ಡ್ ಟೆಸ್ಟ್. ಆದ್ದರಿಂದ ‘ಫೀಲ್ಡ್ ಟೆಸ್ಟ್ ಮಾಡಿಸಬೇಕೇ ಡಾಕ್ಟರೇ?’ ಎಂದು ನೀವೇ ಬಾಯಿಬಿಟ್ಟು ಕೇಳಿ.

ಆ ಪರೀಕ್ಷೆಯೂ ಸುಲಭಕ್ಕೆ ಕೆಡುತ್ತದೆ. ಒಂದು ಕಣ್ಣು ಮುಚ್ಚಿ, ಗಲ್ಲವನ್ನು ಯಂತ್ರದ ಮೇಲಿಟ್ಟು, ನಡುವಿನ ಚುಕ್ಕೆಯನ್ನೇ ದಿಟ್ಟಿಸುತ್ತಾ, ಅಲ್ಲಲ್ಲಿ ಬೆಳಕು ಮಿನುಗಿದಾಗ ಗುಂಡಿ ಒತ್ತಬೇಕು. ‘ಅಜ್ಜಿ, ಬೆಳಕು ಹುಡುಕಬೇಡಿ, ನಡುವೆಯೇ ನೋಡಿ’ ಎಂದು ಎಷ್ಟು ಹೇಳಿದರೂ ಹಿರಿಯರ ಕಣ್ಣು ಬೆಳಕಿನ ಹಿಂದೆಯೇ ಓಡುತ್ತದೆ; ಆಗ ವರದಿಯನ್ನು ನಂಬುವಂತಿಲ್ಲ. ನಿದ್ದೆಗೆಟ್ಟು ಮೊದಲ ಬಸ್ಸಿಗೆ ಬಂದ ದಿನ ಇದನ್ನು ಮಾಡಿಸಬೇಡಿ. ಸುಸ್ತಾದರೆ ನಡುವೆ ನಿಲ್ಲಿಸಲು ಹೇಳಿ, ನಿಲ್ಲಿಸುತ್ತಾರೆ.

ಈಗ ಅರ್ಜಿ: ಆಧಾರ್, ಫೋಟೊ, ವರದಿಗಳೊಂದಿಗೆ ಯುಡಿಐಡಿ (ಅಂಗವಿಕಲರ ಗುರುತಿನ ಕಾರ್ಡು) ಜಾಲತಾಣದಲ್ಲಿ. ಮೊಬೈಲ್ ಸಂಖ್ಯೆ ನಿಮ್ಮದೇ ಇರಲಿ. ಸೈಬರಿನವರದು ಕೊಟ್ಟರೆ ಮುಂದಿನ ಸಂದೇಶಗಳೆಲ್ಲ ಅವರಿಗೇ ಹೋಗುತ್ತವೆ. ಕಾರ್ಡನ್ನು ಬೇಗ ಕೊಡಿಸುತ್ತೇನೆಂದು ದುಡ್ಡು ಕೇಳುವವರನ್ನು ಹತ್ತಿರ ಸೇರಿಸಬೇಡಿ.

ಕಾರ್ಡು ಬಂದ ಮೇಲೆ ಹಳ್ಳಿಯವರು ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಹಿಡಿಯಿರಿ. ಮಾಸಾಶನ, ಬಸ್ ಪಾಸ್, ಯಾವುದಕ್ಕೆ ಯಾವ ಕಾಗದ ಎನ್ನುವುದು ಅವರಿಗೆ ಗೊತ್ತು. ಅಲ್ಲಿ ಆಗದಿದ್ದರೆ ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿಯ ಕಚೇರಿ. ಓದುವ ಮಕ್ಕಳಿಗೆ ಪರೀಕ್ಷೆಯಲ್ಲಿ ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯ ಕೇಳಬಹುದು. ದೊಡ್ಡ ಅಕ್ಷರ ಓದಬಲ್ಲ ಮಗುವನ್ನು ಊರಿನ ಶಾಲೆ ಬಿಡಿಸಿ ಮೈಸೂರಿನ ತಿಲಕನಗರದ ಅಂಧ ಮಕ್ಕಳ ಶಾಲೆಗೆ ಸೇರಿಸಲು ಅವಸರ ಬೇಡ. ಮುಂದಿನ ಬೆಂಚು, ದಪ್ಪ ಗೆರೆಯ ನೋಟುಪುಸ್ತಕ, ಕಪ್ಪು ಸ್ಕೆಚ್ ಪೆನ್ನು ಕೊಟ್ಟು ನೋಡಿ.

ಇನ್ನು ಭೂತಗನ್ನಡಿ. ರಸ್ತೆಬದಿಯಲ್ಲಿ ‘30 ಎಕ್ಸ್’ (ಮೂವತ್ತು ಪಟ್ಟು) ಎಂದು ಅಚ್ಚು ಹಾಕಿದ ಅಂಗೈಯಗಲದ ಗಾಜನ್ನು ಕೊಳ್ಳಲೇಬೇಡಿ. ನಿಜಕ್ಕೂ ಅಷ್ಟು ಹಿಗ್ಗಿಸುವ ಮಸೂರವನ್ನು ಅಕ್ಷರಕ್ಕೆ ಒಂದು ಸೆಂಟಿಮೀಟರಿಗಿಂತ ಹತ್ತಿರ ಹಿಡಿಯಬೇಕಾಗುತ್ತದೆ, ಅದು ಗುಂಡಿಯಷ್ಟೇ ಇರುತ್ತದೆ. ಐದು ಪಟ್ಟಿನದಕ್ಕೆ ಸುಮಾರು ಐದು ಸೆಂಟಿಮೀಟರ್ ದೂರ. ಕೈ ನಡುಗುವವರಿಗೆ ಪುಟದ ಮೇಲೆ ನಿಲ್ಲುವ, ಒಳಗೇ ದೀಪವಿರುವ ಸ್ಟ್ಯಾಂಡ್ ಮಸೂರವೇ ಸರಿ. ಗಾಜನ್ನು ಪುಟದ ಹತ್ತಿರವಿಟ್ಟು ಮುಖ ದೂರವಿಟ್ಟರೆ ಒಂದೆರಡು ಅಕ್ಷರ ಕಾಣುತ್ತದೆ. ಕಣ್ಣನ್ನು ಗಾಜಿನ ಬಳಿಗೆ ತಂದರೆ ಇಡೀ ಪದ ಕಾಣುತ್ತದೆ. ದುಡ್ಡು ಕೊಡುವ ಮೊದಲು ಅಂಗಡಿಯಲ್ಲೇ ಮಾತ್ರೆಯ ಪಟ್ಟಿಯನ್ನು ಓದಿ ನೋಡಿ.