ಸೋತ ಫುಟ್‌ಬಾಲ್ ತಂಡಕ್ಕೆ ಹೊಸ ಆಟಗಾರರನ್ನು ತರುವುದು ಹೇಗೆ?

ಸೀಸನ್ ಮುಗಿಯಿತು, ತಂಡ ಪಟ್ಟಿಯ ತಳದಲ್ಲಿದೆ. ಕ್ಲಬ್‌ನವರೆಲ್ಲ ತಕ್ಷಣ ಫೋನ್ ಹಿಡಿಯುತ್ತಾರೆ. "ಒಳ್ಳೆ ಸ್ಟ್ರೈಕರ್ ಯಾರಾದ್ರೂ ಇದ್ದಾರಾ?" ಗೋಲು ಹೊಡೆಯುವವನೊಬ್ಬ ಬೇಕು, ಎಲ್ಲರದೂ ಅದೇ ಪ್ರಶ್ನೆ. ದಯವಿಟ್ಟು ಆ ಫೋನ್ ಸ್ವಲ್ಪ ದಿನ ಪಕ್ಕಕ್ಕಿಡಿ. ಮೊದಲು ಬೇಕಾದದ್ದು ಒಂದು ನೋಟ್‌ಬುಕ್.

ನಾನು ದಾವಣಗೆರೆಯ ಮೆಕ್ಕೆಜೋಳದ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಸಂಜೆಯಾದರೆ ಹೈಸ್ಕೂಲ್ ಮೈದಾನದಲ್ಲಿರುತ್ತೇನೆ. ನಮ್ಮದು ಸಣ್ಣ ಕ್ಲಬ್. ಆಟಗಾರರನ್ನು ಕರೆತರುವುದು, ಕಳಿಸಿಕೊಡುವುದು, ಅವರ ಕಾಗದಪತ್ರ ನೋಡಿಕೊಳ್ಳುವುದು ಬಹಳ ವರ್ಷದಿಂದ ನನ್ನ ಪಾಲಿನ ಕೆಲಸ. ಹರಿಹರ, ಚಿತ್ರದುರ್ಗ, ಹಿರಿಯೂರು, ರಾಣೆಬೆನ್ನೂರು ಕಡೆ ಇಂಥದ್ದೇ ಕ್ಲಬ್ ನಡೆಸುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ದೊಡ್ಡ ಕ್ಲಬ್‌ಗಳ ಉದಾಹರಣೆ ಕೊಡುತ್ತೇನೆ. ಅವರ ದುಡ್ಡು ನಮ್ಮ ಹತ್ತಿರ ಇಲ್ಲ, ಆದರೆ ಅವರು ಮಾಡುವ ಲೆಕ್ಕವನ್ನು ನಾವೂ ಮಾಡಬಹುದು.

ನೋಟ್‌ಬುಕ್ ತೆಗೆದು, ಕಳೆದ ಸೀಸನ್‌ನಲ್ಲಿ ನಿಮ್ಮ ತಂಡ ಬಿಟ್ಟುಕೊಟ್ಟ ಒಂದೊಂದು ಗೋಲನ್ನೂ ಬರೆಯಿರಿ. ಎಷ್ಟನೇ ನಿಮಿಷ? ಚೆಂಡು ಎಡದಿಂದ ಬಂತಾ, ಬಲದಿಂದ ಬಂತಾ? ಕಾರ್ನರ್‌ನಿಂದಲಾ, ನಡುವಿನಿಂದ ಸೀಳಿಕೊಂಡು ಬಂದದ್ದಾ? ನಮ್ಮವರು ಯಾರು ಹತ್ತಿರ ಇದ್ದರು? ಪಂದ್ಯದ ವಿಡಿಯೋ ಯಾರದಾದರೂ ಅಪ್ಪನ ಫೋನಿನಲ್ಲಿ ಇದ್ದೇ ಇರುತ್ತದೆ, ಕೇಳಿ ಪಡೆಯಿರಿ. ಪಕ್ಕದ ಪುಟದಲ್ಲಿ ನಾವು ಹಾಳು ಮಾಡಿಕೊಂಡ ಅವಕಾಶಗಳನ್ನೂ ಬರೆಯಿರಿ. ನಮ್ಮ ಕ್ಲಬ್‌ನಲ್ಲಿ ಒಮ್ಮೆ ಎಲ್ಲರೂ ಸ್ಟ್ರೈಕರ್ ಬೇಕು ಎಂದು ಹಟ ಹಿಡಿದಿದ್ದರು. ಬರೆದು ನೋಡಿದರೆ ಗೋಲುಗಳು ಹೋಗಿದ್ದು ಎರಡೇ ದಾರಿಯಲ್ಲಿ. ಒಂದು, ಕಾರ್ನರ್ ಕಿಕ್ ದೂರದ ಕಂಬದ ಹತ್ತಿರ ಬಿದ್ದಾಗ. ಇನ್ನೊಂದು, ಕೊನೆಯ ಕಾಲು ಗಂಟೆಯಲ್ಲಿ, ನಡುವೆ ಓಡುವವರ ಉಸಿರು ಮುಗಿದಾಗ. ನಮಗೆ ಬೇಕಿದ್ದದ್ದು ತಲೆಗೆ ಚೆಂಡು ಸಿಗುವ ಎತ್ತರದ ಸೆಂಟರ್ ಬ್ಯಾಕ್ (ಗೋಲಿನ ಮುಂದೆ ನಡುವೆ ನಿಂತು ತಡೆಯುವವನು) ಮತ್ತು ಮೈದಾನದ ನಡುವೆ ತೊಂಬತ್ತು ನಿಮಿಷ ಓಡಬಲ್ಲ ಮಿಡ್‌ಫೀಲ್ಡರ್. ಅವರಿಬ್ಬರನ್ನೇ ಹುಡುಕಿದೆವು. ಸ್ಟ್ರೈಕರ್ ಹಳಬನೇ ಉಳಿದ.

ಈ ಬರಹ ಮುಗಿಯುವವರೆಗೆ ಯಾರ ಹೆಸರನ್ನೂ ಮಾತಾಡಬೇಡಿ. ಹೆಸರು ಬಂದರೆ ಯಾವ ಜಾಗಕ್ಕೆ ಆಟಗಾರ ಬೇಕು ಎಂಬುದೇ ಮರೆತುಹೋಗುತ್ತದೆ. "ಅವನು ತುಂಬಾ ಚೆನ್ನಾಗಿ ಆಡ್ತಾನೆ" ಅನ್ನುವುದು ಆಟಗಾರನನ್ನು ತರಲು ಸಾಕಾಗುವ ಕಾರಣವೇ ಅಲ್ಲ.

ಆಮೇಲೆ ಹೋಗುವವರ ಪಟ್ಟಿ. ದಾವಣಗೆರೆಯಂಥ ಕಾಲೇಜು ಊರಿನಲ್ಲಿ ಇದು ಬಹಳ ದೊಡ್ಡ ವಿಷಯ. ನಮ್ಮ ಹುಡುಗರಲ್ಲಿ ಎಷ್ಟೋ ಜನ ಇಂಜಿನಿಯರಿಂಗ್, ಮೆಡಿಕಲ್ ಓದುವವರು, ಹಾಸ್ಟೆಲ್‌ನಲ್ಲಿರುವವರು. ಕೇರಳದವರು, ಈಶಾನ್ಯ ರಾಜ್ಯಗಳವರು ಚೆಂಡು ಕಂಡರೆ ಬಿಡುವುದಿಲ್ಲ. ಆದರೆ ಕೊನೆಯ ಸೆಮಿಸ್ಟರ್ ಮುಗಿದ ವಾರವೇ ರೈಲು ಹತ್ತುತ್ತಾರೆ. ಅದಕ್ಕೇ ಒಬ್ಬೊಬ್ಬ ಹುಡುಗನ ಹೆಸರಿನ ಮುಂದೆ ಯಾವ ಸೆಮಿಸ್ಟರ್, ಪರೀಕ್ಷೆ ಯಾವಾಗ, ಊರಿಗೆ ಯಾವಾಗ ಹೋಗುತ್ತಾನೆ ಎಂದು ಬರೆದಿಡಿ. ಒಂದೇ ವರ್ಷ ನಾಲ್ಕು ಜನ ಡಿಫೆಂಡರ್‌ಗಳು ಪಾಸಾಗಿ ಹೋಗುವುದು ಎರಡು ವರ್ಷ ಮೊದಲೇ ಗೊತ್ತಾಗುವ ವಿಷಯ, ಅಲ್ವಾ?

ವೃತ್ತಿಪರ ಕ್ಲಬ್‌ಗಳಲ್ಲಿ ಸೆಮಿಸ್ಟರ್ ಬದಲು ಕರಾರು ಇರುತ್ತದೆ. ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾದ ನಿಯಮದಂತೆ ಕರಾರು ಸಾಮಾನ್ಯವಾಗಿ ಹೆಚ್ಚೆಂದರೆ 5 ವರ್ಷ. ಅದು ಮುಗಿಯಲು 6 ತಿಂಗಳು ಉಳಿದಾಗ ಆಟಗಾರ ಬೇರೆ ಕ್ಲಬ್ ಜೊತೆ ಸಹಿ ಮಾಡಿಕೊಳ್ಳಬಹುದು. ಅಷ್ಟರೊಳಗೆ ಮಾತಾಡದೆ ಸುಮ್ನೆ ಕೂತ ಕ್ಲಬ್‌ಗೆ ಆಟಗಾರನೂ ಇಲ್ಲ, ದುಡ್ಡೂ ಇಲ್ಲ. ಲೋನ್ ಮೇಲೆ, ಅಂದರೆ ಬೇರೆ ಕ್ಲಬ್‌ನಿಂದ ಸ್ವಲ್ಪ ಕಾಲಕ್ಕೆ ಎರವಲಾಗಿ ಬಂದವರದ್ದು ಇನ್ನೂ ಕಷ್ಟ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಫಾರೆಸ್ಟ್ 2022ರಲ್ಲಿ ಅಲ್ಲಿನ ಅತಿ ಮೇಲಿನ ದರ್ಜೆಯಾದ ಪ್ರೀಮಿಯರ್ ಲೀಗ್‌ಗೆ ಏರಿತು. ಆ ತಂಡದ ಹಲವು ಮುಖ್ಯ ಆಟಗಾರರು ಲೋನ್ ಮೇಲೆ ಬಂದವರು, ಸೀಸನ್ ಮುಗಿದ ಕೂಡಲೇ ತಮ್ಮ ಕ್ಲಬ್‌ಗಳಿಗೆ ಹೋದರು. ಆ ಬೇಸಿಗೆಯಲ್ಲೇ 20ಕ್ಕೂ ಹೆಚ್ಚು ಜನರನ್ನು ತರಬೇಕಾಯಿತು. 16ನೇ ಸ್ಥಾನದಲ್ಲಿ ಉಳಿದುಕೊಂಡರು, ನಿಜ. ಆದರೆ ಅಷ್ಟು ಹೊಸಬರನ್ನು ತಾಳಿಕೊಳ್ಳುವ ಖಜಾನೆ ಅವರಿಗಿತ್ತು.

ಬಿಟ್ಟುಬಿಡಬೇಕಾದ ಹುಡುಗನಿಗೆ ನೀವೇ ಹೇಳಿ, ಎದುರು ಕೂರಿಸಿಕೊಂಡು ಹೇಳಿ. ವಾಟ್ಸಾಪ್ ಗುಂಪಿನಿಂದ ತೆಗೆದುಹಾಕಿ ತಿಳಿಸುವುದು ಬಹಳ ಕೆಟ್ಟ ಕ್ರಮ. "ಏನಣ್ಣಾ, ನಾನು ಬೇಡ್ವಾ?" ಎಂದು ಅವನು ಕೇಳುತ್ತಾನೆ. ಕಾರಣ ನೇರವಾಗಿ ಕೊಡಿ, ನೋಟ್‌ಬುಕ್ ತೋರಿಸಿ, ಎಲ್ಲಿ ಆಡಬಹುದು ಎಂದು ದಾರಿ ಹೇಳಿ. ಬೇರೆ ಕ್ಲಬ್‌ಗೆ ಹೋಗಲು ಎನ್‌ಒಸಿ (ನಮ್ಮ ಆಕ್ಷೇಪವಿಲ್ಲ ಎಂಬ ಪತ್ರ) ಕೇಳಿದರೆ ಸತಾಯಿಸದೆ ಕೊಡಿ. ಹುಡುಗನ ಒಂದು ವರ್ಷದ ಆಟ ಒಂದು ಸಹಿಗಾಗಿ ನಿಲ್ಲುವುದನ್ನು ನೋಡಿದರೆ ನನಗೆ ಈಗಲೂ ಸಂಕಟವಾಗುತ್ತದೆ.

ಎಷ್ಟು ಜನರನ್ನು ತರಬೇಕು? ಮೈದಾನಕ್ಕಿಳಿಯುವ ಹನ್ನೊಂದರಲ್ಲಿ ಹೊಸಬರು ಮೂವರು, ತಪ್ಪಿದರೆ ನಾಲ್ವರು. ಅದಕ್ಕಿಂತ ಜಾಸ್ತಿಯಾದರೆ ಯಾರು ಎಲ್ಲಿಗೆ ಪಾಸ್ ಕೊಡುತ್ತಾರೆ ಎಂದು ತಿಳಿಯುವಷ್ಟರಲ್ಲಿ ಅರ್ಧ ಸೀಸನ್ ಕಳೆದಿರುತ್ತದೆ. ಲಂಡನ್ನಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ 2012ರ ಬೇಸಿಗೆಯಲ್ಲಿ ಪಾರ್ಕ್ ಜಿ ಸಂಗ್, ಜೂಲಿಯೊ ಸೀಸರ್ ಅಂಥ ದೊಡ್ಡ ಹೆಸರುಗಳನ್ನು ಒಟ್ಟು ಹಾಕಿತು. ಜನವರಿಯಲ್ಲಿ ಮತ್ತೆ ಕೋಟಿಗಟ್ಟಲೆ ಪೌಂಡ್ ಸುರಿಯಿತು. ಕೊನೆಗೆ 20 ತಂಡಗಳಲ್ಲಿ 20ನೇ ಸ್ಥಾನ.

ನಾಲ್ವರನ್ನು ತರುವುದಾದರೆ ತಂಡದ ಬೆನ್ನುಮೂಳೆಗೆ ತನ್ನಿ. ಗೋಲ್‌ಕೀಪರ್, ಸೆಂಟರ್ ಬ್ಯಾಕ್, ನಡುವಿನ ಆಟಗಾರ, ಸ್ಟ್ರೈಕರ್. ಇದೇ ಕ್ರಮದಲ್ಲಿ, ಹಿಂದಿನಿಂದ ಮುಂದಕ್ಕೆ ಯೋಚಿಸಿ. ನಮ್ಮ ರಾಜ್ಯದ್ದೇ ಉದಾಹರಣೆ ಇದೆ. ಬೆಂಗಳೂರು ಎಫ್‌ಸಿ 2013ರಲ್ಲಿ ಹುಟ್ಟಿತು, ಮೊದಲ ಸೀಸನ್‌ನಲ್ಲೇ ಆಗ ದೇಶದ ಮೇಲಿನ ದರ್ಜೆಯ ಲೀಗ್ ಆಗಿದ್ದ ಐ-ಲೀಗ್ ಗೆದ್ದಿತು. ಕೋಚ್ ಆಶ್ಲಿ ವೆಸ್ಟ್‌ವುಡ್. ಮುಂದಿನ ಸಾಲಿನಲ್ಲಿ ಸುನಿಲ್ ಛೆಟ್ರಿ ಇದ್ದರು, ಎಲ್ಲರೂ ಅವರನ್ನೇ ನೆನೆಯುತ್ತಾರೆ. ನಾನು ನೆನೆಯುವುದು ಹಿಂದೆ ನಿಂತ ಜಾನ್ ಜಾನ್ಸನ್ ಮತ್ತು ಕರ್ಟಿಸ್ ಒಸಾನೊ ಅವರನ್ನು. ವಿದೇಶಿ ಆಟಗಾರರಿಗೆ ಇದ್ದ ಕೆಲವೇ ಜಾಗಗಳಲ್ಲಿ ಎರಡನ್ನು ಆ ಕ್ಲಬ್ ಡಿಫೆನ್ಸ್‌ಗೆ ಕೊಟ್ಟಿತು. ಹೊಸ ತಂಡಕ್ಕೆ ಎಷ್ಟು ಧೈರ್ಯದ ನಿರ್ಧಾರ ನೋಡಿ.

ಹುಡುಕುವುದು ಎಲ್ಲಿ? ಹೆಚ್ಚಿನ ಕ್ಲಬ್‌ಗಳು ಟೂರ್ನಮೆಂಟಿನ ಬೆಸ್ಟ್ ಪ್ಲೇಯರ್ ಕಪ್ ಗೆದ್ದವನ ಹಿಂದೆ ಓಡುತ್ತವೆ. ನೀವು ಬೆಂಚಿನ ಮೇಲೆ ಕೂತವನನ್ನು ನೋಡಿ. ಬೆಂಗಳೂರಿನ ಲೀಗ್ ತಂಡಗಳಲ್ಲಿ ವರ್ಷವಿಡೀ ಆಡಲು ಅವಕಾಶ ಸಿಗದ ಇಪ್ಪತ್ತು, ಇಪ್ಪತ್ತೊಂದರ ಹುಡುಗರಿದ್ದಾರೆ. ಗೌತಮಪುರ, ಆಸ್ಟಿನ್ ಟೌನ್ ಕಡೆಯ ಗಲ್ಲಿಗಳಲ್ಲಿ ಬೆಳೆದವರ ಕಾಲಿಗೆ ಚೆಂಡು ಅಂಟಿಕೊಂಡಿರುತ್ತದೆ. ಅವರಿಗೆ ಪಂದ್ಯ ಬೇಕು, ನಿಮಗೆ ಆಟಗಾರ ಬೇಕು. ಲೆಸ್ಟರ್ ಸಿಟಿ 2016ರಲ್ಲಿ ಪ್ರೀಮಿಯರ್ ಲೀಗ್ ಗೆದ್ದದ್ದು ಹೀಗೆ ಯಾರೂ ನೋಡದ ಕಡೆ ಹುಡುಕಿ. ಜೇಮಿ ವಾರ್ಡಿಯನ್ನು 2012ರಲ್ಲಿ ತಂದದ್ದು ಕೆಳ ದರ್ಜೆಯ ಫ್ಲೀಟ್‌ವುಡ್ ಟೌನ್ ಕ್ಲಬ್‌ನಿಂದ, ಸುಮಾರು 10 ಲಕ್ಷ ಪೌಂಡ್‌ಗೆ. ರಿಯಾದ್ ಮಹ್ರೆಜ್ ಬಂದದ್ದು ಫ್ರಾನ್ಸಿನ ಎರಡನೇ ದರ್ಜೆಯ ಲೆ ಆವ್ರ್ ಕ್ಲಬ್‌ನಿಂದ, 5 ಲಕ್ಷ ಪೌಂಡ್‌ಗೂ ಕಡಿಮೆ ಬೆಲೆಗೆ.

ಆಟಗಾರನನ್ನು ನೋಡಲು ಹೋದಾಗ ಚೆಂಡನ್ನು ನೋಡಬೇಡಿ, ಅವನನ್ನೇ ನೋಡಿ. ಚೆಂಡು ಆ ತುದಿಯಲ್ಲಿದ್ದಾಗ ಎಲ್ಲಿ ನಿಲ್ಲುತ್ತಾನೆ? ಚೆಂಡು ಕಳೆದುಕೊಂಡ ಮೇಲೆ ಕೈ ಸೊಂಟಕ್ಕೆ ಹೋಗುತ್ತದಾ, ಕಾಲು ಹಿಂದಕ್ಕೆ ಓಡುತ್ತದಾ? ಸಾಧ್ಯವಾದರೆ ಅವನ ತಂಡ ಸೋಲುತ್ತಿರುವ ಪಂದ್ಯ ನೋಡಿ. ನೀವು ಅವನನ್ನು ಕರೆತರುತ್ತಿರುವುದು ಸೋಲುತ್ತಿರುವ ತಂಡಕ್ಕೆ. ಎರಡು ಗೋಲು ಹಿಂದಿದ್ದಾಗ ಅವನ ಮುಖ ಹೇಗಿರುತ್ತದೆ ಎಂದು ಮೊದಲೇ ಗೊತ್ತಿರಲಿ. ಅವನ ಎದುರು ಆಡಿದ ಡಿಫೆಂಡರ್‌ನನ್ನು ಮಾತಾಡಿಸಿ. ಕೋಚ್ ಹೇಳದ್ದನ್ನು ಅವನು ಹೇಳುತ್ತಾನೆ.

ನೆಲದ ವಿಷಯ ಮರೆಯಬೇಡಿ. ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಂನಲ್ಲಿರುವುದು ಕೃತಕ ಹುಲ್ಲು. ನಮ್ಮಲ್ಲಿ ಮಾರ್ಚ್ ಬಂತೆಂದರೆ ನೆಲ ಗಟ್ಟಿ, ಚೆಂಡು ಎಲ್ಲೆಲ್ಲೋ ಪುಟಿಯುತ್ತದೆ, ಬಿದ್ದರೆ ಮೊಣಕಾಲು ಕಿತ್ತುಬರುತ್ತದೆ. ಟರ್ಫ್ ಮೇಲೆ ನಯವಾಗಿ ಆಡುವ ಹುಡುಗನನ್ನು ಒಪ್ಪಿಕೊಳ್ಳುವ ಮೊದಲು ಎರಡು ದಿನ ಇಲ್ಲಿಗೆ ಕರೆಸಿ, ನಿಮ್ಮ ನೆಲದಲ್ಲೇ ಆಡಿಸಿ. ಬಸ್ ಚಾರ್ಜು ನೀವೇ ಕೊಡಿ. ಹಳೆಯ ಗಾಯ ಇದೆಯಾ ಎಂದು ಬಾಯಿಬಿಟ್ಟು ಕೇಳಿ, ಅನುಮಾನ ಬಂದರೆ ಮೂಳೆ ಡಾಕ್ಟರಿಗೆ ತೋರಿಸಿ.

ಈಗ ಕಾಗದ. ಲೀಗ್ ಪಂದ್ಯ ಆಡುವ ಆಟಗಾರ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಸಿಆರ್‌ಎಸ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ನೋಂದಣಿ ಆಗಿರಬೇಕು. ಅವನಿಗೊಂದು ಗುರುತಿನ ಸಂಖ್ಯೆ ಇರುತ್ತದೆ. ಮಾತುಕತೆಯ ಮೊದಲ ದಿನವೇ ಆ ಸಂಖ್ಯೆ ಕೇಳಿ. ಅವನು ಈಗ ಯಾವ ಕ್ಲಬ್ ಹೆಸರಿನಲ್ಲಿದ್ದಾನೆ, ಆ ಕ್ಲಬ್ ಬಿಟ್ಟುಕೊಡುತ್ತದಾ ಎಂದು ತಿಳಿದುಕೊಳ್ಳಿ. ಫಿಫಾ ನಿಯಮದ ಪ್ರಕಾರ ಒಬ್ಬ ಆಟಗಾರ ಒಂದು ಸೀಸನ್‌ನಲ್ಲಿ ಹೆಚ್ಚೆಂದರೆ 3 ಕ್ಲಬ್‌ಗಳಲ್ಲಿ ನೋಂದಣಿ ಆಗಬಹುದು, ಅಧಿಕೃತ ಪಂದ್ಯ ಆಡುವುದು ಸಾಮಾನ್ಯವಾಗಿ 2 ಕ್ಲಬ್‌ಗಳಿಗೆ ಮಾತ್ರ. ಈಗಾಗಲೇ ಎರಡು ಕಡೆ ಆಡಿ ಬಂದವನನ್ನು ನೀವು ತಂದರೆ ಅವನು ಆ ವರ್ಷ ಗ್ಯಾಲರಿಯಲ್ಲಿ ಕೂರಬೇಕಾಗುತ್ತದೆ. ಹಾಸ್ಟೆಲ್‌ನಲ್ಲಿ ನೇಪಾಳದ ಹುಡುಗ ಸಿಕ್ಕಿದ, ಅವನು ಅಲ್ಲಿನ ಕ್ಲಬ್‌ನಲ್ಲಿ ನೋಂದಣಿ ಆಗಿದ್ದ ಅಂದುಕೊಳ್ಳಿ. ಆಗ ಅಂತಾರಾಷ್ಟ್ರೀಯ ವರ್ಗಾವಣೆ ಪ್ರಮಾಣಪತ್ರ ಬೇಕು. 18 ತುಂಬದವನಾದರೆ ದೇಶದಿಂದ ದೇಶಕ್ಕೆ ವರ್ಗಾವಣೆಯೇ ಇಲ್ಲ, ಕೆಲವೇ ವಿನಾಯಿತಿಗಳಿವೆ. ಇದನ್ನೆಲ್ಲ ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ. ಆಧಾರ್‌ನಲ್ಲಿ ಒಂದು ಹುಟ್ಟಿದ ದಿನ, ಅಂಕಪಟ್ಟಿಯಲ್ಲಿ ಇನ್ನೊಂದು ಇದ್ದರೆ ಸರಿಪಡಿಸಲು ವಾರಗಟ್ಟಲೆ ಹಿಡಿಯುತ್ತದೆ.

ದುಡ್ಡಿನ ಮಾತು ಬರಹದಲ್ಲೇ ಇರಲಿ. ಲಿಖಿತ ಕರಾರು ಇದ್ದು, ತನ್ನ ಖರ್ಚಿಗಿಂತ ಹೆಚ್ಚು ಹಣ ಪಡೆಯುವವನು ಫಿಫಾ ಲೆಕ್ಕದಲ್ಲಿ ವೃತ್ತಿಪರ ಆಟಗಾರ, ಉಳಿದವರು ಹವ್ಯಾಸಿ. ನಮ್ಮಂಥ ಕ್ಲಬ್‌ಗಳಲ್ಲಿ ಕೊಡುವುದು ಬಸ್ ಚಾರ್ಜು, ಶೂ, ಮೆಸ್ ಬಿಲ್, ರೂಮಿನ ಬಾಡಿಗೆ. ಅಷ್ಟನ್ನೇ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿ. ಕೊಡಲಾಗದ್ದನ್ನು ಒಪ್ಪಿಕೊಳ್ಳಬೇಡಿ, ಒಪ್ಪಿದ್ದನ್ನು ತಡಮಾಡಬೇಡಿ. ಬಾಕಿ ಉಳಿಸಿಕೊಂಡ ದೊಡ್ಡ ಕ್ಲಬ್‌ಗಳಿಗೆ ಫಿಫಾ ಹೊಸ ಆಟಗಾರರ ನೋಂದಣಿಯನ್ನೇ ನಿಲ್ಲಿಸುತ್ತದೆ. ಸಣ್ಣ ಕ್ಲಬ್‌ಗೆ ಶಿಕ್ಷೆ ಬೇರೆ ರೀತಿ: ಇಲ್ಲಿ ದುಡ್ಡು ಕೊಡಲ್ಲ ಎಂದು ಒಬ್ಬ ಹುಡುಗ ಹೇಳಿದರೆ ಆ ಹಾಸ್ಟೆಲ್‌ನಿಂದ ಮತ್ತೊಬ್ಬ ಬರುವುದಿಲ್ಲ.

ಬಂದವನನ್ನು ಒಂಟಿಯಾಗಿ ಬಿಡಬೇಡಿ. ಹಳೆಯ ಆಟಗಾರನೊಬ್ಬನ ಜೊತೆ ರೂಮು ಮಾಡಿಕೊಡಿ, ಸಾಧ್ಯವಾದರೆ ಅದೇ ಸಾಲಿನಲ್ಲಿ ಆಡುವವನ ಜೊತೆ. ಮಣಿಪುರದಿಂದ ಬಂದ ಸೆಂಟರ್ ಬ್ಯಾಕ್‌ಗೆ ಮೊದಲ ಸಂಜೆಯೇ ನಾವು ಕಲಿಸುವ ಮಾತುಗಳು ಇವು: "ಹಿಂದೆ ಬಂದ", "ಬಿಡು", "ಟೈಮ್ ಇದೆ", "ನಂದು". ಇಷ್ಟು ಬಂದರೆ ಗೋಲ್‌ಕೀಪರ್ ಜೊತೆ ಡಿಕ್ಕಿ ಆಗುವುದು ತಪ್ಪುತ್ತದೆ. ಲೀಗ್ ಶುರುವಾಗುವ ಮೊದಲು ಹರಿಹರದಲ್ಲೋ ಹುಬ್ಬಳ್ಳಿಯಲ್ಲೋ ಸ್ನೇಹದ ಪಂದ್ಯಗಳನ್ನು ಇಟ್ಟುಕೊಳ್ಳಿ. ಹೊಸಬನ ಬಗ್ಗೆ ಐದಾರು ಪಂದ್ಯ ಆಗುವವರೆಗೆ ತೀರ್ಪು ಕೊಡಬೇಡಿ. ಕಮಿಟಿಯ ಹಿರಿಯರು ಎರಡನೇ ಪಂದ್ಯಕ್ಕೇ "ಇವನನ್ನ ಯಾಕೆ ತಂದ್ರಿ?" ಎನ್ನುತ್ತಾರೆ. ಆಗ ನೋಟ್‌ಬುಕ್ ತೆಗೆದು, ಅವನು ಬಂದ ಮೇಲೆ ಕಾರ್ನರ್‌ನಿಂದ ಎಷ್ಟು ಗೋಲು ಹೋಗಿದೆ ಎಂದು ತೋರಿಸಿ.

ಎಲ್ಲ ದುಡ್ಡನ್ನೂ ಮೊದಲೇ ಖರ್ಚು ಮಾಡಬೇಡಿ. ಸೀಸನ್ ನಡುವೆ ವರ್ಗಾವಣೆಗೆ ಇನ್ನೊಂದು ಅವಧಿ ತೆರೆಯುತ್ತದೆ. ಒಬ್ಬ ಗಾಯಗೊಂಡರೆ, ಇನ್ನೊಬ್ಬನಿಗೆ ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದರೆ ಆಗ ಬೇಕಾಗುತ್ತದೆ. 2014ರ ಕ್ರಿಸ್ಮಸ್ ಹೊತ್ತಿಗೆ ಲೆಸ್ಟರ್ ಪಟ್ಟಿಯ ಕೊನೆಯಲ್ಲಿತ್ತು. ಮುಂದಿನ ವರ್ಗಾವಣೆ ಅವಧಿ ಮುಗಿಯುವ ಹೊತ್ತಿಗೆ ಸ್ಟೋಕ್‌ನಿಂದ ಸೆಂಟರ್ ಬ್ಯಾಕ್ ರಾಬರ್ಟ್ ಹೂತ್ ಲೋನ್ ಮೇಲೆ ಬಂದ. ತಂಡ 14ನೇ ಸ್ಥಾನಕ್ಕೆ ಏರಿ ಉಳಿಯಿತು. ಅವನನ್ನು ಕಾಯಂ ಮಾಡಿಕೊಂಡರು, ಮರುವರ್ಷ ಕಪ್ ಎತ್ತಿದ ತಂಡದಲ್ಲೂ ಅವನಿದ್ದ. ನೀವೂ ಲೋನ್ ಮೇಲೆ ಯಾರನ್ನಾದರೂ ತರುವುದಾದರೆ ವಾಪಸ್ ಹೋಗುವ ದಿನ, ಗಾಯವಾದರೆ ಖರ್ಚು ಯಾರದು, ಅವನ ಕ್ಲಬ್ ನಡುವೆ ಕರೆಸಿಕೊಳ್ಳಬಹುದೇ, ಕಾಯಂ ಮಾಡಿಕೊಳ್ಳಲು ಎಷ್ಟು ಕೊಡಬೇಕು, ಈ ನಾಲ್ಕನ್ನೂ ಅದೇ ಹಾಳೆಯಲ್ಲಿ ಬರೆಸಿಕೊಳ್ಳಿ. ಆಮೇಲೆ ಅವನನ್ನು ಕರೆತರಲು ಸ್ಟೇಷನ್ನಿಗೆ ಯಾರನ್ನಾದರೂ ಕಳಿಸಿ.